ಗುಡ್ಡದಾಚೆ ಯಾರಿದ್ದಾರೆ? ಗಂಟೆಯನ್ನು ಕೇಳಿ!

ನಿಮ್ಮ ಕೈಯಲ್ಲೊಂದು ಕಲ್ಲಿದೆ. ಎದುರಿಗೆ ಆಳೆತ್ತರದ ಗೋಡೆ. ಆಚೆ ಏನಿದೆಯೋ ಕಾಣದು. ಕಲ್ಲನ್ನು ಗೋಡೆಯಾಚೆ ಎಸೆಯುತ್ತೀರಾ? ‘ಇಲ್ಲ, ಅಲ್ಲಿ ಯಾರಾದರೂ ಇದ್ದರೆ?’ ಎಂದು ಮೂರನೆಯ ತರಗತಿಯ ಮಗುವೂ ಹೇಳೀತು. ಆದರೆ ಕಲ್ಲಿನಷ್ಟೇ ಗಟ್ಟಿಯಾದ ಚೆಂಡನ್ನು ಕಣ್ಣಿಗೆ ಕಾಣದ ಕಡೆಗೆ ಬೇಕೆಂದೇ ಹೊಡೆಯುವ ಆಟವೊಂದಿದೆ. ಅದು ಗಾಲ್ಫ್.

ಪಾಮನಕಲ್ಲೂರು, ಮಸ್ಕಿ, ಸಿಂಧನೂರು ಕಡೆಯ ನಮಗೆ ಗಾಲ್ಫ್ ಎಂದರೆ ಟಿ.ವಿ.ಯಲ್ಲಿ ಕಂಡ ಹಸಿರು ಹುಲ್ಲು, ಬಿಳಿ ಚೆಂಡು, ಅಷ್ಟೆ. ಬೆಂಗಳೂರಿನಲ್ಲಿ 1876ರಲ್ಲಿಯೇ ಗಾಲ್ಫ್ ಕ್ಲಬ್ ಆರಂಭವಾಗಿತ್ತಾದರೂ ಆ ಆಟ ನಮ್ಮ ಎರೆಹೊಲಗಳವರೆಗೆ ಬರಲಿಲ್ಲ. ಬರದಿದ್ದರೆ ನಷ್ಟವೇನೂ ಇಲ್ಲ. ಆದರೆ ಆ ಆಟದವರು ಒಂದು ತೊಡಕನ್ನು ಬಿಡಿಸಿಕೊಂಡ ಬಗೆಯಲ್ಲಿ ನಾವು ಕಲಿಯಬೇಕಾದ ಪಾಠವೊಂದಿದೆ. ಅದೇ ಪಾಠವನ್ನು ನಮ್ಮ ನೆರೆಯ ಹಟ್ಟಿ ಚಿನ್ನದ ಗಣಿಯೂ ಹೇಳುತ್ತದೆ. ನಮ್ಮೂರ ರಸ್ತೆಯ ತಿರುವುಗಳಲ್ಲಿ ದಿನವೂ ನಮಗೆ ಬೇಕಾಗುವ ಪಾಠವೂ ಅದೇ.

ಕಾಣದ ಹೊಡೆತ

ಗಾಲ್ಫ್ ಆಟದ ತಿರುಳು ಸರಳ. ಒಂದು ಜಾಗದಿಂದ ಕೋಲಿನಿಂದ ಚೆಂಡನ್ನು ಹೊಡೆಯುತ್ತಾ ಹೋಗಿ, ನೂರಾರು ಮೀಟರ್ ದೂರದ ಒಂದು ಚಿಕ್ಕ ಕುಳಿಯೊಳಗೆ ಬೀಳಿಸಬೇಕು. ಎಷ್ಟು ಕಡಿಮೆ ಹೊಡೆತಗಳಲ್ಲಿ ಬೀಳಿಸಿದರೆ ಅಷ್ಟು ಜಾಣತನ. ಇಂಥ ಹದಿನೆಂಟು ಕುಳಿಗಳು. ಒಂದು ಗುಂಪಿನ ಹಿಂದೆ ಇನ್ನೊಂದು ಗುಂಪು ಆಡುತ್ತಾ ಬರುತ್ತದೆ.

ಈ ಆಟ ಬೆಳೆದದ್ದು ಸ್ಕಾಟ್ಲೆಂಡಿನ ಕಡಲ ದಂಡೆಯ ಮರಳು ದಿಬ್ಬಗಳ ನಡುವೆ. ಆಗ ಮಣ್ಣು ಸರಿಸಲು ಬುಲ್‌ಡೋಜರ್ ಇರಲಿಲ್ಲ. ದಿಬ್ಬ ಅಡ್ಡ ಬಂದರೆ ಅದರ ಮೇಲಿಂದಲೇ ಹೊಡೆಯಬೇಕು. ದಿಬ್ಬದಾಚೆ ಕುಳಿ ಎಲ್ಲಿದೆಯೋ ಕಾಣದು, ಜನ ಇದ್ದಾರೋ ಇಲ್ಲವೋ ಅದೂ ಕಾಣದು. ಇದಕ್ಕೆ ಆಟಗಾರರು ‘ಬ್ಲೈಂಡ್ ಷಾಟ್’ ಎನ್ನುತ್ತಾರೆ. ನಾವು ‘ಕಾಣದ ಹೊಡೆತ’ ಎನ್ನೋಣ.

ಒಂದು ಚೆಂಡಿಗೆ ಇಷ್ಟು ಅಂಜಿಕೆಯೇಕೆ? ಲೆಕ್ಕ ಹಾಕಿ ನೋಡೋಣ. ಗಾಲ್ಫ್ ಚೆಂಡಿನ ತೂಕ 45.93 ಗ್ರಾಂ ಮೀರಬಾರದು, ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆಯಿರಬಾರದು ಎಂಬುದು ನಿಯಮ. ಸಾಮಾನ್ಯ ಆಟಗಾರ ಬಲವಾಗಿ ಹೊಡೆದರೂ ಅದು ಸೆಕೆಂಡಿಗೆ ಸುಮಾರು 60 ಮೀಟರ್, ಅಂದರೆ ಗಂಟೆಗೆ 216 ಕಿಲೋಮೀಟರ್ ವೇಗದಲ್ಲಿ ಹೊರಡುತ್ತದೆ. ಚಲನಶಕ್ತಿಯ ಸೂತ್ರ ನಿಮಗೆ ಗೊತ್ತೇ ಇದೆ: ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಬೇಕು. ಉತ್ತರ ಸುಮಾರು 83 ಜೂಲ್. ಒಂದು ಕಿಲೋ ತೂಕದ ಕಲ್ಲು ಎಂಟು ಮೀಟರಿಗೂ ಮಿಕ್ಕ ಎತ್ತರದಿಂದ ಬಿದ್ದಾಗ ಬರುವ ಶಕ್ತಿ ಇಷ್ಟೇ. ಗಾಳಿಯ ತಡೆಯಿಂದ ಚೆಂಡಿನ ವೇಗ ಅರ್ಧಕ್ಕಿಳಿದರೂ ಶಕ್ತಿ ಕಾಲು ಭಾಗ ಉಳಿದಿರುತ್ತದೆ. ಅದೆಲ್ಲ ನಾಲ್ಕು ಸೆಂಟಿಮೀಟರ್ ಅಗಲದ ಗುಂಡಿನಿಂದ ತಲೆಗೋ ಕಣ್ಣಿಗೋ ತಾಗಿದರೆ ಏನಾದೀತು, ನೀವೇ ಊಹಿಸಿ.

ಕೂಗು, ಬಾವುಟ, ಬಿಳಿ ಕಲ್ಲು

ಎಲ್ಲಕ್ಕಿಂತ ಹಳೆಯ ಉಪಾಯ ಕೂಗು. ಚೆಂಡು ದಾರಿ ತಪ್ಪಿದರೆ ಆಟಗಾರರು ‘ಫೋರ್!’ ಎಂದು ಗಟ್ಟಿಯಾಗಿ ಕೂಗುತ್ತಾರೆ. ಇನ್ನೂರು ಮೀಟರ್ ದೂರಕ್ಕೆ ಚೆಂಡು ತಲುಪಲು ಐದಾರು ಸೆಕೆಂಡು ಬೇಕು. ಶಬ್ದಕ್ಕೆ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಸಾಕು. ಹಾಗಾಗಿ ತಕ್ಷಣ ಕೂಗಿದರೆ ಕೂಗೇ ಮೊದಲು ಮುಟ್ಟುತ್ತದೆ. ಕೇಳಿದವರು ಮೇಲೆ ನೋಡದೆ, ತಲೆಯನ್ನು ಕೈಗಳಿಂದ ಮುಚ್ಚಿಕೊಂಡು ಬಗ್ಗಬೇಕು. ಆದರೆ ಕೂಗುವ ಹೊತ್ತಿಗೆ ಚೆಂಡು ಕೈ ಬಿಟ್ಟು ಹೋಗಿರುತ್ತದೆ. ಇದು ಎಚ್ಚರಿಕೆಯೇ ಹೊರತು ತಡೆಯಲ್ಲ.

ಹೊಡೆಯುವ ಮೊದಲೇ ತಿಳಿಯಬೇಕೆಂದರೆ ಆಚೆಯೂ ಈಚೆಯೂ ಕಾಣುವಂತೆ ಒಬ್ಬ ಮನುಷ್ಯ ದಿಬ್ಬದ ಮೇಲೆ ನಿಲ್ಲಬೇಕು. ಬ್ರಿಟಿಷರ ಕಾಲದಿಂದ ಭಾರತದ ಮೈದಾನಗಳಲ್ಲಿ ಈ ಕೆಲಸ ಮಾಡಿದವರು ‘ಆಗೇವಾಲಾ’ಗಳು. ಮುಂದೆ ಹೋಗಿ ನಿಂತು, ಚೆಂಡು ಎಲ್ಲಿ ಬಿತ್ತೆಂದು ಗುರುತಿಸಿ, ಸನ್ನೆ ಮಾಡಿ ತಿಳಿಸುವ ಹುಡುಗರು ಅವರು. ಆಟಗಾರರ ಹೆಸರು ಫಲಕಗಳ ಮೇಲೆ ಉಳಿದಿದೆ. ಬಿಸಿಲಲ್ಲಿ ಚೆಂಡಿಗೆದುರಾಗಿ ನಿಂತ ಈ ಹುಡುಗರ ಹೆಸರು ಎಲ್ಲಿಯೂ ಇಲ್ಲ.

ದಿಕ್ಕು ತೋರಿಸಲು ಬೇರೆ ಉಪಾಯಗಳಿವೆ. ಐರ್ಲೆಂಡಿನ ಲಾಹಿಂಚ್ ಎಂಬಲ್ಲಿ ‘ಡೆಲ್’ ಹೆಸರಿನ ಕುಳಿ ದಿಬ್ಬಗಳ ನಡುವೆ ಅಡಗಿದೆ. ಅಂದಂದು ಕುಳಿ ಎಲ್ಲಿದೆಯೋ ಅದರ ನೇರಕ್ಕೆ ದಿಬ್ಬದ ಮೇಲೆ ಒಂದು ಬಿಳಿ ಕಲ್ಲನ್ನು ಇಡುತ್ತಾರೆ. ಆದರೆ ಕಲ್ಲು ದಿಕ್ಕು ತೋರೀತು; ಆಚೆ ಜನ ಇದ್ದಾರೆಯೇ ಎಂದು ಹೇಳಲಾರದು.

ಗಂಟೆ ಬಂತು

ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್ ಮೈದಾನ ಗಾಲ್ಫ್ ಚರಿತ್ರೆಯಲ್ಲಿ ಹೆಸರಾದದ್ದು. ಓಪನ್ ಚಾಂಪಿಯನ್‌ಷಿಪ್ ಮೊದಲು ನಡೆದದ್ದು ಅಲ್ಲಿಯೇ, 1860ರಲ್ಲಿ. ಅಲ್ಲಿ ಐದನೆಯ ಕುಳಿಗೆ ಅಡ್ಡವಾಗಿ ದೊಡ್ಡ ಮರಳು ದಿಬ್ಬವಿದೆ. ಅದಕ್ಕಿಟ್ಟ ಹೆಸರು ಏನು ಗೊತ್ತೆ? ‘ಹಿಮಾಲಯ’! ದಿಬ್ಬದ ಮೈಮೇಲೆ ದಿಕ್ಕಿಗಾಗಿ ಬಣ್ಣದ ಬಿಲ್ಲೆಗಳು; ಆಚೆ ಕುಳಿಯ ಬಳಿ ಒಂದು ಗಂಟೆ. ಮುಂದಿನ ಗುಂಪು ಆಟ ಮುಗಿಸಿ, ಜಾಗ ಬಿಟ್ಟು ಹೊರಟಾಗ ಗಂಟೆ ಬಾರಿಸುತ್ತದೆ. ಈಚೆ ಕಾದಿದ್ದವರು ಅದನ್ನು ಕೇಳಿ ಚೆಂಡು ಹೊಡೆಯುತ್ತಾರೆ.

ಕಣ್ಣಿಗೆ ಕಾಣದ್ದು ಕಿವಿಗೆ ಹೇಗೆ ಕೇಳುತ್ತದೆ? ಬೆಳಕೂ ಅಲೆ, ಶಬ್ದವೂ ಅಲೆ. ಅಲೆಗಳು ಅಡ್ಡಿಯ ಅಂಚಿನಲ್ಲಿ ಬಾಗುತ್ತವೆ. ಇದಕ್ಕೆ ವಿವರ್ತನೆ ಎನ್ನುತ್ತೇವೆ. ತರಂಗದೂರ ಹೆಚ್ಚಿದಷ್ಟೂ ಬಾಗುವುದು ಹೆಚ್ಚು. ಬೆಳಕಿನ ತರಂಗದೂರ ಒಂದು ಮಿಲಿಮೀಟರಿನ ಸುಮಾರು ಎರಡು ಸಾವಿರದ ಒಂದು ಭಾಗ. ಗುಡ್ಡದ ಮುಂದೆ ಅದು ಏನೇನೂ ಅಲ್ಲ. ಸೆಕೆಂಡಿಗೆ 500 ಕಂಪನಗಳ ಶಬ್ದದ ತರಂಗದೂರವಾದರೋ 340ನ್ನು 500ರಿಂದ ಭಾಗಿಸಿದಷ್ಟು, ಅಂದರೆ 68 ಸೆಂಟಿಮೀಟರ್. ಹೀಗಾಗಿ ಶಬ್ದ ದಿಬ್ಬದ ನೆತ್ತಿಯ ಮೇಲಿಂದ ಬಾಗಿ ಕೆಳಗಿಳಿಯುತ್ತದೆ. ಬಸ್ಸು ಕಾಣುವ ಮೊದಲೇ ಅದರ ಹಾರ್ನು ನಮಗೆ ಕೇಳುವುದೂ ಹೀಗೆಯೇ.

ಸ್ಕಾಟ್ಲೆಂಡಿನ ಎಲಿ ಎಂಬ ಊರಿನವರು ಕಣ್ಣಿಗೇ ದಾರಿ ಮಾಡಿಕೊಟ್ಟರು. ಅಲ್ಲಿ ಮೊದಲ ಹೊಡೆತಕ್ಕೇ ದಿಬ್ಬ ಅಡ್ಡ. 1955ರಲ್ಲಿ ನೀರಿಗಿಳಿದ ಬ್ರಿಟಿಷ್ ನೌಕಾಪಡೆಯ ‘ಎಕ್ಸ್‌ಕ್ಯಾಲಿಬರ್’ ಜಲಾಂತರ್ಗಾಮಿಯ ಪೆರಿಸ್ಕೋಪನ್ನು ತಂದು ಅಲ್ಲಿ ನಿಲ್ಲಿಸಿದ್ದಾರೆ. ಕಡಲೊಳಗಿಂದ ಶತ್ರುವಿನ ಹಡಗನ್ನು ಹುಡುಕಲು ಮಾಡಿದ ಉಪಕರಣ ಈಗ ಹುಲ್ಲಿನ ಮೇಲೆ ನಡೆಯುವವರನ್ನು ಕಾಯುತ್ತಿದೆ. ಯುದ್ಧದ ಸಾಮಾನಿಗೆ ಇದಕ್ಕಿಂತ ಒಳ್ಳೆಯ ನಿವೃತ್ತಿ ಬೇಕೆ?

ಮೌನ ಒಪ್ಪಿಗೆಯಲ್ಲ

ಈಗ ಒಂದು ಪ್ರಶ್ನೆ. ಜಾಗ ಬಿಟ್ಟು ಹೋದಾಗ ಗಂಟೆ ಬಾರಿಸುವ ಬದಲು, ‘ನಾವಿಲ್ಲಿ ಇದ್ದೇವೆ, ಹೊಡೆಯಬೇಡಿ’ ಎಂದು ಇರುವವರೆಗೆ ಗಂಟೆ ಬಾರಿಸುತ್ತಿದ್ದರೆ ಆಗದೆ? ಎರಡೂ ಒಂದೇ ಅಲ್ಲವೆ? ಉತ್ತರ ಓದುವ ಮೊದಲು ಒಂದು ನಿಮಿಷ ಯೋಚಿಸಿ.

ಎರಡೂ ಒಂದೇ ಅಲ್ಲ. ಗಂಟೆ ಕೇಳದಿರಲು ಕಾರಣಗಳು ಹಲವು. ಆಚೆಯವರು ಇನ್ನೂ ಹೋಗಿರಲಿಕ್ಕಿಲ್ಲ. ಹೋಗಿಯೂ ಬಾರಿಸಲು ಮರೆತಿರಬಹುದು. ಹಗ್ಗ ಹರಿದಿರಬಹುದು. ಎದುರುಗಾಳಿ ಬೀಸುತ್ತಿದ್ದರೆ ಶಬ್ದದ ಅಲೆಗಳು ಮೇಲಕ್ಕೆ ಬಾಗಿ, ನಮ್ಮ ತಲೆಯ ಮೇಲಿಂದ ಹಾದುಹೋಗಿರಬಹುದು. ಕಾದಿರುವವರ ಕಿವಿ ಮಂದವಿರಬಹುದು. ಮೌನಕ್ಕೆ ಹೀಗೆ ಹತ್ತು ಅರ್ಥ. ಗಂಟೆಯ ಸದ್ದಿಗೆ ಒಂದೇ ಅರ್ಥ. ಹತ್ತು ಅರ್ಥವಿರುವುದನ್ನು ನಂಬಿ ಚೆಂಡು ಹೊಡೆಯಬಾರದು.

‘ಗಂಟೆ ಬಾರಿಸಿದರೆ ದಾರಿ ಖಾಲಿ’ ಎಂಬ ನಿಯಮದಲ್ಲಿ ಯಾರಾದರೂ ಮರೆತರೆ ಆಗುವ ನಷ್ಟ ಹತ್ತು ನಿಮಿಷದ ಕಾಯುವಿಕೆ. ‘ಗಂಟೆ ಬಾರಿಸಿದರೆ ಅಪಾಯ’ ಎಂಬ ನಿಯಮದಲ್ಲಿ ಮರೆತರೆ ಹೋಗುವುದು ಒಂದು ಜೀವ. ಮನುಷ್ಯ ಮರೆಯುತ್ತಾನೆ, ಯಂತ್ರ ಕೆಡುತ್ತದೆ. ಕೆಟ್ಟಾಗಲೂ ಜೀವ ಉಳಿಯುವಂತೆ ಏರ್ಪಾಡು ಮಾಡುವುದೇ ಜಾಣತನ. ‘ಮೌನಂ ಸಮ್ಮತಿ ಲಕ್ಷಣಂ’ ಎಂದು ಹಿರಿಯರು ಹೇಳಿದ್ದಾರೆ. ಮಾತುಕತೆಯಲ್ಲಿ ಅದು ಸರಿಯಿರಬಹುದು. ಕಣ್ಣಿಗೆ ಕಾಣದ ಕಡೆ ಮೌನವನ್ನು ಒಪ್ಪಿಗೆ ಎಂದು ತಿಳಿಯಬಾರದು.

ಹಟ್ಟಿಯ ಗಂಟೆ

ಇದೇ ಮಾತನ್ನು ನಮ್ಮ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ನೋಡೋಣ. ಚಿನ್ನದ ಗಣಿಯಲ್ಲಿ ನೂರಾರು ಮೀಟರ್ ಆಳಕ್ಕೆ ಬಾವಿಯಂತೆ ಶಾಫ್ಟುಗಳಿವೆ. ಕಾರ್ಮಿಕರು ಇಳಿಯುವುದೂ ಏರುವುದೂ ಕೇಜ್ ಎಂಬ ಪಂಜರದಲ್ಲಿ. ಅದನ್ನು ಉಕ್ಕಿನ ಹಗ್ಗದಿಂದ ಎಳೆಯುವ ಯಂತ್ರದ ಚಾಲಕ ಕೂರುವುದು ಮೇಲೆ, ಯಂತ್ರದ ಮನೆಯಲ್ಲಿ. ಆಳದಲ್ಲಿ ಯಾರು ಹತ್ತಿದರು, ಯಾರ ಕಾಲು ಇನ್ನೂ ಹೊರಗಿದೆ, ಅವನಿಗೆ ಏನೂ ಕಾಣದು. ಕೇಜ್ ಎಷ್ಟು ಆಳದಲ್ಲಿದೆ ಎಂಬುದನ್ನು ಮುಂದಿನ ಮುಳ್ಳು ತೋರಿಸುತ್ತದೆ. ಉಳಿದದ್ದನ್ನೆಲ್ಲ ಗಂಟೆಯೇ ಹೇಳಬೇಕು.

ಗಣಿಗಳಲ್ಲಿ ಗಂಟೆಗೊಂದು ಭಾಷೆಯಿದೆ. ಕೇಜ್ ನಿಂತಿರುವಾಗ ಒಂದು ಹೊಡೆತ ಎಂದರೆ ‘ಮೇಲೆತ್ತು’. ಎರಡು ಎಂದರೆ ‘ಕೆಳಗಿಳಿಸು’. ಮೂರು ಎಂದರೆ ‘ಈಗ ಸರಕಲ್ಲ, ಮನುಷ್ಯರು ಹತ್ತುತ್ತಾರೆ’; ಅದಕ್ಕೆ ಮರುಸಂಜ್ಞೆ ಬಂದ ಮೇಲೆಯೇ ಜನ ಕೇಜ್ ಹತ್ತುವುದು. ಕೇಜ್ ಚಲಿಸುತ್ತಿರುವಾಗ ಒಂದೇ ಒಂದು ಹೊಡೆತ ಎಂದರೆ ‘ನಿಲ್ಲಿಸು’. ‘ನಿಲ್ಲಿಸು’ ಎಂಬುದಕ್ಕೆ ಅತಿ ಚಿಕ್ಕ ಸಂಜ್ಞೆ ಏಕೆ ಎಂದು ಬಿಡಿಸಿ ಹೇಳಬೇಕಿಲ್ಲ. ಆಪತ್ತಿನಲ್ಲಿ ಎಣಿಸುತ್ತಾ ಕೂರಲು ಯಾರಿಗೂ ಪುರುಸೊತ್ತಿರುವುದಿಲ್ಲ. ಗಂಟೆ ಬಾರದಿದ್ದರೆ? ನಿಂತ ಕೇಜ್ ನಿಂತೇ ಇರಬೇಕು. ಪ್ರೆಸ್ಟ್‌ವಿಕ್‌ನ ನಿಯಮವೇ ಹಟ್ಟಿಯಲ್ಲೂ!

ರೈಲಿನ ಹಳೆಯ ಕೈಮರವನ್ನು ನೆನಪಿಸಿಕೊಳ್ಳಿ. ರೆಕ್ಕೆ ಅಡ್ಡವಾಗಿದ್ದರೆ ‘ನಿಲ್ಲು’, ಓರೆಯಾದರೆ ‘ಹೋಗು’. ಅದನ್ನು ಎಳೆಯುವ ತಂತಿ ಹರಿದರೆ ಭಾರದ ಬಲದಿಂದ ರೆಕ್ಕೆ ತಾನಾಗಿಯೇ ಅಡ್ಡಕ್ಕೆ ಮರಳುವಂತೆ ಮಾಡಿದ್ದರು. ಕೆಟ್ಟ ಸಿಗ್ನಲ್ಲು ರೈಲನ್ನು ನಿಲ್ಲಿಸುತ್ತಿತ್ತು, ಬಿಡುತ್ತಿರಲಿಲ್ಲ.

ನಮ್ಮೂರ ತಿರುವು

ಇನ್ನು ನಮ್ಮ ರಸ್ತೆಗೆ ಬರೋಣ. ಬೇಸಿಗೆಯಲ್ಲಿ ಹೊಲ ಬಯಲಾದಾಗ ತಿರುವಿನಾಚೆ ಬರುವ ಎತ್ತಿನ ಬಂಡಿಯೂ ಕಾಣುತ್ತದೆ. ತೊಗರಿ, ಬಿಳಿಜೋಳ ಆಳೆತ್ತರ ನಿಂತಾಗ ಅದೇ ತಿರುವು ಕುರುಡಾಗುತ್ತದೆ. ಶಾಲೆಗೆ ಸೈಕಲ್ ಮೇಲೆ ಬರುವ ಮಕ್ಕಳು, ಹಾಡು ಹಚ್ಚಿಕೊಂಡು ಬರುವ ಟ್ರ್ಯಾಕ್ಟರು, ಮೂವರನ್ನು ಹೊತ್ತ ಮೋಟಾರ್ ಸೈಕಲ್ಲು, ಎಲ್ಲವೂ ಅಲ್ಲಿಯೇ ಎದುರಾಗಬೇಕು.

‘ಹಾರ್ನ್ ಹೊಡೆದೆ, ಆಚೆಯಿಂದ ಸದ್ದು ಬರಲಿಲ್ಲ, ನುಗ್ಗಿದೆ’ ಎನ್ನುವವರಿದ್ದಾರೆ. ಇದು ಗಂಟೆ ಕೇಳದೆ ಚೆಂಡು ಹೊಡೆದಂತೆ. ಸೈಕಲ್ಲಿಗೆ ಹಾರ್ನಿಲ್ಲ, ಎಮ್ಮೆಗೆ ಹಾರ್ನಿಲ್ಲ, ಟ್ರ್ಯಾಕ್ಟರಿನ ಹಾಡಿನಲ್ಲಿ ನಿಮ್ಮ ಹಾರ್ನು ಕೇಳಿಸುವುದೂ ಇಲ್ಲ. ಕೆಲವು ತಿರುವುಗಳಲ್ಲಿ ಉಬ್ಬುಕನ್ನಡಿ ನಿಲ್ಲಿಸಿರುತ್ತಾರೆ. ಪೀನ ದರ್ಪಣ ಹೆಚ್ಚು ಜಾಗ ತೋರಿಸುತ್ತದೆ ನಿಜ. ಆದರೆ ವಸ್ತುವನ್ನು ಚಿಕ್ಕದಾಗಿಸುವುದರಿಂದ ಹತ್ತಿರದ ಲಾರಿ ದೂರದಲ್ಲಿದ್ದಂತೆ ತೋರುತ್ತದೆ, ಜೋಕೆ!

ಹಾಗಾದರೆ ಗಂಟೆ ಬಾರಿಸುವವರಿಲ್ಲದ ತಿರುವಿನಲ್ಲಿ ಏನು ಮಾಡಬೇಕು? ಮತ್ತೆ ಲೆಕ್ಕ. ಗಂಟೆಗೆ 50 ಕಿಲೋಮೀಟರ್ ವೇಗದ ಬೈಕು ಸೆಕೆಂಡಿಗೆ ಸುಮಾರು 14 ಮೀಟರ್ ಹೋಗುತ್ತದೆ. ಎದುರಿನದನ್ನು ಕಂಡು ಬ್ರೇಕ್ ಹಿಡಿಯಲು ಒಂದು ಸೆಕೆಂಡ್ ಎಂದುಕೊಂಡರೆ 14 ಮೀಟರ್ ಅಲ್ಲೇ ಹೋಯಿತು. ಒಳ್ಳೆಯ ರಸ್ತೆಯಲ್ಲಿ ಬ್ರೇಕು ವೇಗವನ್ನು ಸೆಕೆಂಡಿಗೆ 5 ಮೀಟರಿನಂತೆ ತಗ್ಗಿಸಿದರೂ ನಿಲ್ಲಲು ಇನ್ನು 19 ಮೀಟರ್. ಒಟ್ಟು 33. ಎದುರಿನವನೂ ಅಷ್ಟೇ ವೇಗದಲ್ಲಿದ್ದರೆ ಇಬ್ಬರಿಗೂ ಸೇರಿ 66 ಮೀಟರ್ ಬೇಕು. 20 ಕಿಲೋಮೀಟರ್ ವೇಗದಲ್ಲಾದರೆ ಒಬ್ಬನಿಗೆ 9 ಮೀಟರಿಗಿಂತ ಕಡಿಮೆ, ಇಬ್ಬರಿಗೂ 18 ಮೀಟರ್ ಸಾಕು. ಆದ್ದರಿಂದ ಕಿರಿದಾದ ರಸ್ತೆಗೆ ನಿಯಮ ಒಂದೇ: ಕಣ್ಣಿಗೆ ಎಷ್ಟು ದೂರ ಕಾಣುತ್ತದೆಯೋ ಅದರ ಅರ್ಧದೊಳಗೆ ನಿಲ್ಲಿಸಲು ಆಗುವಷ್ಟೇ ವೇಗವಿರಲಿ.

ಪೋಷಕರಲ್ಲಿ, ಅದರಲ್ಲೂ ರಸ್ತೆಯ ಮಗ್ಗುಲಿಗೆ ಹೊಲವಿದ್ದವರಲ್ಲಿ, ಒಂದು ವಿನಂತಿ. ತಿರುವಿನ ಮೂಲೆಯಲ್ಲಿ ನಾಲ್ಕಾರು ಸಾಲು ಬಿಳಿಜೋಳದ ಬದಲು ಕಡಲೆ ಬಿತ್ತಿ ನೋಡಿ. ಕಡಲೆ ಮೊಣಕಾಲಿನ ಮೇಲೆ ಬೆಳೆಯುವುದಿಲ್ಲ. ತಿರುವಿಗೆ ಕಣ್ಣು ಬರುತ್ತದೆ. ಫಸಲೂ ಕೈಗೆ ಬರುತ್ತದೆ, ಮಕ್ಕಳೂ ಮನೆಗೆ ಬರುತ್ತಾರೆ.

ನೀವೇ ಮಾಡಿ ನೋಡಿ

ಉದ್ದನೆಯ ರಟ್ಟಿನ ಡಬ್ಬಿ ಮತ್ತು ಒಂದೇ ಅಳತೆಯ ಎರಡು ಚಿಕ್ಕ ಕನ್ನಡಿಗಳಿದ್ದರೆ ಪೆರಿಸ್ಕೋಪು ಮನೆಯಲ್ಲೇ ಸಿದ್ಧ. ಡಬ್ಬಿಯ ಮೇಲ್ತುದಿಯಲ್ಲಿ ಮುಂದಕ್ಕೆ, ಕೆಳತುದಿಯಲ್ಲಿ ಹಿಂದಕ್ಕೆ ಒಂದೊಂದು ಕಿಂಡಿ ಕೊರೆಯಿರಿ. ಪ್ರತಿ ಕಿಂಡಿಗೆ ಎದುರಾಗಿ ಒಂದು ಕನ್ನಡಿಯನ್ನು 45 ಡಿಗ್ರಿ ಓರೆಯಾಗಿ ಅಂಟಿಸಿ. ಎರಡೂ ಸಮಾಂತರವಾಗಿದ್ದು ಮುಖಾಮುಖಿಯಾಗಿರಲಿ. ಕನ್ನಡಿಯ ಅಂಚಿಗೆ ಟೇಪು ಸುತ್ತಿರಿ, ಕೈ ಕೊಯ್ದೀತು. ಸೂರ್ಯನತ್ತ ಮಾತ್ರ ಹಿಡಿಯಬೇಡಿ. ಈಗ ಗೋಡೆಯ ಮರೆಯಲ್ಲಿ ಕುಳಿತು ಆಚೆ ನೋಡಿ. ಒಂದೇ ಕನ್ನಡಿಯಲ್ಲಿ ಎಡಬಲ ಅದಲುಬದಲಾಗುವ ಅಕ್ಷರಗಳು ಇದರಲ್ಲಿ ಸರಿಯಾಗಿಯೇ ಕಾಣುತ್ತವೆ. ಏಕೆ? ಉತ್ತರವನ್ನು ನಿಮ್ಮ ವಿಜ್ಞಾನ ಮೇಷ್ಟ್ರಿಗೆ ಹೇಳಿ.