ಅಲ್ಯೂಮಿನಿಯಂ ಡಬರಿಯ ಕಪ್ಪು, ಬಿಳಿ ಪುಡಿ, ಕುಳಿ: ಹತ್ತನೇ ತರಗತಿಗೊಂದು ಚಟುವಟಿಕೆ

‘ಲೋಹಗಳು ಮತ್ತು ಅಲೋಹಗಳು’ ಪಾಠದಲ್ಲಿ ಸಂಕ್ಷಾರಣ ಎಂದೊಡನೆ ನಾವು ಕಬ್ಬಿಣದ ಮೊಳೆಯನ್ನೇ ತೋರಿಸುತ್ತೇವೆ. ಹೀಗಾಗಿ ‘ಅಲ್ಯೂಮಿನಿಯಂಗೆ ತುಕ್ಕು ಹಿಡಿಯದು, ಆದ್ದರಿಂದ ಅದು ಹಾಳಾಗದು’ ಎಂಬ ತಪ್ಪು ಕಲ್ಪನೆ ಮಕ್ಕಳಲ್ಲಿ ಉಳಿದುಬಿಡುತ್ತದೆ. ದೊಡ್ಡೇರಿ ಭಾಗದ ಪ್ರೌಢಶಾಲೆಯೊಂದರ ಅಭ್ಯಾಸ ಬೋಧನೆಯಲ್ಲಿ ಇದಕ್ಕೆ ನಾನು ಬಳಸಿದ ಬೋಧನೋಪಕರಣ ಒಂದು ಹಳೆಯ ಅಲ್ಯೂಮಿನಿಯಂ ಡಬರಿ. ಕೊಳವೆಬಾವಿಯ ಗಡುಸು ನೀರು ಕಾಯಿಸುವ ಮನೆಗಳಲ್ಲಿ ಇಂಥದ್ದು ಸುಲಭವಾಗಿ ಸಿಗುತ್ತದೆ.

ಮೊದಲು ಗಮನಿಸುವುದು

ಡಬರಿಯ ಹೊರಗಿನ ಕಪ್ಪು ಒಲೆಯ ಮಸಿ. ಒಳಗಿನ ಕಪ್ಪು, ಖನಿಜಗಳಿರುವ ಕ್ಷಾರೀಯ ನೀರನ್ನು ಪದೇ ಪದೇ ಕಾಯಿಸಿದ್ದರಿಂದ ಕೂತ ಪದರ. ಬಿಳಿ ಪುಡಿ ಸಂಕ್ಷಾರಣದಿಂದ ಹುಟ್ಟಿದ ಅಲ್ಯೂಮಿನಿಯಂ ಸಂಯುಕ್ತ. ಅದನ್ನು ಕೆರೆದರೆ ಅಡಿಯಲ್ಲಿ ಸಣ್ಣ ಕುಳಿ ಕಾಣುತ್ತದೆ. ಇವುಗಳಲ್ಲಿ ಕಲೆಗಳನ್ನು ತೊಳೆಯಬಹುದು. ಕುಳಿಯನ್ನು ತೊಳೆಯಲಾಗದು, ಅಲ್ಲಿ ಲೋಹವೇ ಹೋಗಿರುತ್ತದೆ.

ಕಾರಣ

ಅಲ್ಯೂಮಿನಿಯಂ ಕ್ರಿಯಾಶೀಲ ಲೋಹ. ಗಾಳಿ ತಗುಲಿದೊಡನೆ ಅದರ ಮೇಲೆ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪದರ ಮೂಡಿ ಕಾವಲಾಗಿ ನಿಲ್ಲುತ್ತದೆ. ಸುಮಾರು 4ರಿಂದ 8.5ರವರೆಗಿನ ಪಿಎಚ್‌ನಲ್ಲಿ ಈ ಪದರ ಸ್ಥಿರ. ಅದು ಉಭಯಧರ್ಮಿ ಆಕ್ಸೈಡ್ ಆದ್ದರಿಂದ ಪ್ರಬಲ ಆಮ್ಲದಲ್ಲೂ ಕರಗುತ್ತದೆ, ಪ್ರಬಲ ಪ್ರತ್ಯಾಮ್ಲದಲ್ಲೂ ಕರಗುತ್ತದೆ. ಉಪ್ಪಿನ ಕ್ಲೋರೈಡ್ ಅಯಾನುಗಳು ಪದರವನ್ನು ಅಲ್ಲಲ್ಲಿ ಒಡೆದು ಕುಳಿ ತೋಡುತ್ತವೆ. ಉಪ್ಪುನೀರನ್ನು ರಾತ್ರಿಯಿಡೀ ಡಬರಿಯಲ್ಲಿ ಬಿಡಬಾರದೆನ್ನುವುದು ಇದಕ್ಕೇ.

ಚಟುವಟಿಕೆ

ಹಳೆಯ ಮುಚ್ಚಳದ ಮೂರು ತುಂಡುಗಳನ್ನು ಶಿಕ್ಷಕರೇ ಕತ್ತರಿಸಿ, ಅಂಚು ಉಜ್ಜಿ ಕೊಡಲಿ. ಒಂದನ್ನು ಬರಿ ನೀರಿನಲ್ಲಿ, ಒಂದನ್ನು ಹುಣಸೆ ನೀರಿನಲ್ಲಿ, ಇನ್ನೊಂದನ್ನು ಬೆಚ್ಚಗಿನ ವಾಷಿಂಗ್ ಸೋಡಾ ದ್ರಾವಣದಲ್ಲಿ ಇಡಬೇಕು. ಹುಣಸೆಯ ಟಾರ್ಟಾರಿಕ್ ಆಮ್ಲ ಕಲೆಯನ್ನು ನಿಧಾನವಾಗಿ ತೆಗೆಯುತ್ತದೆ. ಸೋಡಾದಲ್ಲಿ ಗುಳ್ಳೆಗಳೇಳುತ್ತವೆ, ಅದು ಹೈಡ್ರೋಜನ್. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ, ದ್ರಾವಣ ಕೈಗೆ, ಕಣ್ಣಿಗೆ ತಾಗದಿರಲಿ.

ಮುಂದಿನ ಪ್ರಶ್ನೆ: ‘ಬೂದಿಯಿಂದ ಪಾತ್ರೆ ತೊಳೆಯಬಹುದೇ?’ ಬೂದಿಯೂ ಕ್ಷಾರೀಯ. ಅದರಿಂದ ಉಜ್ಜಿ ಕೂಡಲೇ ತೊಳೆದರೆ ಹೆಚ್ಚು ಹಾನಿಯಿಲ್ಲ. ಅದರಲ್ಲಿ ನೆನೆಹಾಕಿದರೆ ಲೋಹ ಸವೆಯುತ್ತದೆ. ಮನೆಯ ರೂಢಿಯನ್ನು ತಪ್ಪೆಂದು ತಳ್ಳಿಹಾಕದೆ ಅದರ ಮಿತಿಯನ್ನು ಮಕ್ಕಳೇ ಗುರುತಿಸಲು ಇಲ್ಲಿ ಅವಕಾಶವಿದೆ.

ಶುಚಿ ಮತ್ತು ದುರಸ್ತಿ

ಡಬರಿಯಲ್ಲಿ ಹುಣಸೆ ನೀರನ್ನು ಹತ್ತು ನಿಮಿಷ ಕುದಿಸಿ, ಆರಿಸಿ, ಆ ನೀರನ್ನು ಚೆಲ್ಲಬೇಕು. ತೆಂಗಿನ ನಾರಿನಿಂದ ಉಜ್ಜಿ, ತೊಳೆದು, ಒಣಗಿಸಬೇಕು. ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜುವ ಅಗತ್ಯವಿಲ್ಲ. ಹಾಗೆ ಮಾಡಿದರೆ ತೆಳ್ಳಗಾಗುವುದು ಡಬರಿಯೇ. ಬಳಿಕ ನೀರು ತುಂಬಿ ಒಣ ಕಾಗದದ ಮೇಲಿಟ್ಟರೆ ತೂತಿದೆಯೇ ಎಂದು ತಿಳಿಯುತ್ತದೆ.

ಇದೇ ತತ್ವ ಅಲ್ಯೂಮಿನಿಯಂ ದೋಣಿಗೂ ಅನ್ವಯಿಸುತ್ತದೆ. ದೋಣಿಯ ತಳವನ್ನು ಸಿಹಿನೀರಿನಿಂದ ತೊಳೆದು, ಸೌಮ್ಯ ಆಮ್ಲದಿಂದ ಬಿಳಿ ಪುಡಿ ತೆಗೆದು, ಮತ್ತೆ ತೊಳೆದು ಒಣಗಿಸುತ್ತಾರೆ. ಸಣ್ಣ ಕುಳಿಗಳಿಗೆ ಎಪಾಕ್ಸಿ ತುಂಬಿ, ಅಲ್ಯೂಮಿನಿಯಂಗೆಂದೇ ಇರುವ ಪ್ರೈಮರ್ ಬಳಿಯುತ್ತಾರೆ. ಕಬ್ಬಿಣದ ತಂತಿ ಬ್ರಷ್ ಬಳಸುವುದಿಲ್ಲ. ಅದರ ಕಣಗಳು ಅಂಟಿಕೊಂಡರೆ ತೇವದಲ್ಲಿ ಪುಟ್ಟ ವಿದ್ಯುತ್ಕೋಶಗಳಾಗಿ ಅಲ್ಯೂಮಿನಿಯಂ ಮತ್ತೆ ಸವೆಯುತ್ತದೆ. ತಾಮ್ರವಿರುವ ಬಣ್ಣ ನೇರವಾಗಿ ತಾಗಿದರೂ ಇದೇ ಗತಿ. ಆದರೆ ಅಡುಗೆ ಪಾತ್ರೆಗೆ ಎಪಾಕ್ಸಿ ಹಚ್ಚುವಂತಿಲ್ಲ. ಆಳವಾದ ಕುಳಿ ಬಿದ್ದ ಡಬರಿಯನ್ನು ಅಡುಗೆಯಿಂದ ತೆಗೆದು ಗುಜರಿಗೆ ಕೊಡುವುದೇ ಸರಿ. ಅಲ್ಯೂಮಿನಿಯಂ ಕರಗಿ ಮತ್ತೆ ಪಾತ್ರೆಯಾಗಬಲ್ಲದು.

ಮೌಲ್ಯಮಾಪನ

1. ಅಲ್ಯೂಮಿನಿಯಂ ಕ್ರಿಯಾಶೀಲವಾದರೂ ಬೇಗ ನಶಿಸದೇಕೆ?
2. ಹುಳಿ ಸಾರನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಏಕೆ ಇಟ್ಟಿರಬಾರದು?
3. ಮನೆಯ ಒಂದು ಪಾತ್ರೆಯಲ್ಲಿ ಕಲೆ ಯಾವುದು, ಕುಳಿ ಯಾವುದು ಎಂದು ಗುರುತಿಸಿ ಬರೆಯಿರಿ.

ಮೂರನೆಯದಕ್ಕೆ ಸರಿಯಾದ ಉತ್ತರ ಬಂದರೆ ಪಾಠ ಮನೆ ಮುಟ್ಟಿದೆ ಎಂದರ್ಥ: ಯಾವ ಪಾತ್ರೆಯನ್ನು ತೊಳೆದು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಮಗು ಕಾರಣ ಕೊಟ್ಟು ಹೇಳಬಲ್ಲದು.