ಹೊಸ ಬೆಕ್ಕು ಹಾಸಿಗೆ ಒದ್ದೆ ಮಾಡಿದಾಗ

ದತ್ತು ತಂದ ಬೆಕ್ಕು ಮೂರನೆಯ ದಿನವೋ ನಾಲ್ಕನೆಯ ದಿನವೋ ಹಾಸಿಗೆಯ ಮೇಲೆ ಉಚ್ಚೆ ಹೊಯ್ದರೆ ಮನೆಯಲ್ಲಿ ತೀರ್ಪು ಹೊರಬೀಳಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಬೀದಿಯಲ್ಲಿ ಹುಟ್ಟಿದ್ದು, ಇದಕ್ಕೆ ಶಿಸ್ತು ಬರುವುದಿಲ್ಲ ಎನ್ನುತ್ತಾರೆ ಒಬ್ಬರು. ನಿನ್ನೆ ಗದರಿದ್ದಕ್ಕೆ ಸೇಡು ತೀರಿಸಿಕೊಂಡಿದೆ ಎನ್ನುತ್ತಾರೆ ಇನ್ನೊಬ್ಬರು. ಹಾಸಿಗೆಯಾದ ಮೇಲೆ ಸೋಫಾ, ಸೋಫಾ ಆದ ಮೇಲೆ ಒಗೆಯಲು ಹಾಕಿದ ಬಟ್ಟೆಯ ರಾಶಿ. ಅಲ್ಲಿಗೆ ಎಲ್ಲರ ತಾಳ್ಮೆಯೂ ಮುಗಿಯುತ್ತದೆ. ಇಂಥ ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿ, ದಾರಿ ಗುರುತು ಸಿಗದಷ್ಟು ದೂರ ಒಯ್ದು, ಮೀನು ಮಾರ್ಕೆಟ್ಟಿನ ಬಳಿ ಬಿಟ್ಟು ಬರುವುದು ನಮ್ಮ ಊರುಗಳಲ್ಲಿ ಹಳೆಯ ಪದ್ಧತಿ. ಹಾಗೆ ಬಿಟ್ಟುಬಂದ ಬೆಕ್ಕುಗಳಲ್ಲಿ ಎಷ್ಟಕ್ಕೆ ಮೂತ್ರಕೋಶದ ನೋವಿತ್ತು, ಎಷ್ಟು ಹೆದರಿ ನಡುಗುತ್ತಿದ್ದವು ಎಂದು ಯಾರೂ ನೋಡಿದವರಿಲ್ಲ. ನೋಡಬೇಕು ಎಂಬುದೇ ಈ ಲೇಖನದ ಒತ್ತಾಯ.

ಬೆಕ್ಕು ಹೇಲುಚ್ಚೆಯನ್ನು ಹೂಳುವುದನ್ನು ಯಾರೂ ಕಲಿಸಬೇಕಿಲ್ಲ. ಮರಿಗೆ ಮೂರು ವಾರ ತುಂಬುವವರೆಗೆ ತಾಯಿಯೇ ನೆಕ್ಕಿ ನೆಕ್ಕಿ ಉಚ್ಚೆ ಹೊಯ್ಯಿಸುತ್ತದೆ. ಆಮೇಲೆ ಮರಿ ತಾನಾಗಿಯೇ ಸಡಿಲ ಮಣ್ಣು ಕಂಡಲ್ಲಿ ಕೆದಕಲು ತೊಡಗುತ್ತದೆ. ಈ ಗುಣ ಬಂದದ್ದು ಪೂರ್ವಜರಿಂದ. ಜಗತ್ತಿನ ಸಾಕುಬೆಕ್ಕುಗಳೆಲ್ಲ ಪಶ್ಚಿಮ ಏಷ್ಯಾದ ಕಾಡುಬೆಕ್ಕು 'ಫೆಲಿಸ್ ಲಿಬಿಕಾ'ದ ಸಂತತಿ ಎಂಬುದನ್ನು 2007ರಲ್ಲಿ ಡಿಎನ್‌ಎ ಅಧ್ಯಯನವೊಂದು ತೋರಿಸಿತು. ಒಣನಾಡಿನ ಆ ಪ್ರಾಣಿ ಸಿಕ್ಕಷ್ಟು ನೀರಿನಲ್ಲಿ ಬದುಕಬೇಕಿತ್ತು. ಅದಕ್ಕೇ ಬೆಕ್ಕಿನ ಮೂತ್ರಪಿಂಡ ಮನುಷ್ಯರದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಗಾಢವಾದ ಮೂತ್ರವನ್ನು ತಯಾರಿಸಬಲ್ಲದು. ಉಚ್ಚೆಯ ಘಾಟಿಗೂ, ಆ ಘಾಟು ಹಾಸಿಗೆಯ ಹತ್ತಿಯೊಳಗೆ ಇಳಿದು ಕೂರುವುದಕ್ಕೂ ಇದು ಒಂದು ಕಾರಣ. ಮರಿಯ ಅಂಗಾಲು ಮೊದಲ ವಾರಗಳಲ್ಲಿ ಯಾವ ನೆಲಕ್ಕೆ ಒಗ್ಗಿರುತ್ತದೋ ಮುಂದೆ ಅದನ್ನೇ ಹುಡುಕುತ್ತದೆ. ಬೆಂಗಳೂರಿನ ಬೀದಿಯಲ್ಲಿ ಹುಟ್ಟಿದ ಮರಿಗೆ ಅದು ಕಟ್ಟಡ ಕೆಲಸದ ಮರಳ ರಾಶಿಯೋ ಹೂಕುಂಡದ ಮಣ್ಣೋ ಆಗಿರಬಹುದು. ಆರನೆಯ ಮಹಡಿಯ ಫ್ಲ್ಯಾಟಿನಲ್ಲಿ ಎರಡೂ ಇಲ್ಲ.

ಹಾಗಾಗಿ ಒದ್ದೆ ಕಂಡಾಗ ಮೊದಲು ಗಮನಿಸಬೇಕಾದದ್ದು ಅದು ಎಲ್ಲಿದೆ, ಎಷ್ಟಿದೆ, ಬೆಕ್ಕು ಯಾವ ಭಂಗಿಯಲ್ಲಿ ಹೊಯ್ದಿತು ಎಂಬುದನ್ನು. ನಿಂತುಕೊಂಡು, ಬಾಲವನ್ನು ನೆಟ್ಟಗೆ ಎತ್ತಿ ತುದಿಯನ್ನು ಅದುರಿಸುತ್ತ, ಗೋಡೆಗೋ ಬಾಗಿಲಿಗೋ ಕರ್ಟನ್ನಿಗೋ ಸ್ವಲ್ಪವೇ ಚಿಮ್ಮಿಸಿದ್ದರೆ ಅದು ಗಡಿ ಗುರುತು. ಕುಕ್ಕರಗಾಲಿನಲ್ಲಿ ಕೂತು ಹಾಸಿಗೆ, ನೆಲ, ಕಾಲೊರಸುಗಳ ಮೇಲೆ ಹೊಯ್ದಿದ್ದರೆ ಅದು ಮೂತ್ರ ವಿಸರ್ಜನೆ. ಇವೆರಡರ ಕಾರಣ ಬೇರೆ, ಪರಿಹಾರವೂ ಬೇರೆ.

ಗಡಿ ಗುರುತಿನ ರಸಾಯನಶಾಸ್ತ್ರ ಸ್ವಾರಸ್ಯದ್ದು. ಬೆಕ್ಕಿನ ಮೂತ್ರದಲ್ಲಿ 'ಫೆಲಿನೀನ್' ಎಂಬ ಅಮೈನೋ ಆಮ್ಲವಿದೆ. ಇದು ಉಂಟಾಗಲು ನೆರವಾಗುವ ಪ್ರೋಟೀನನ್ನು ಜಪಾನಿನ ಮಸಾವೊ ಮಿಯಾಝಾಕಿ ಮತ್ತು ಸಂಗಡಿಗರು ಗುರುತಿಸಿ, ಮೂತ್ರದಲ್ಲಿ ಹೊರಬೀಳುವ, ಕಾರ್ಬಾಕ್ಸಿಲ್‌ಎಸ್ಟರೇಸ್‌ನಂಥ ಪ್ರೋಟೀನ್ ಎಂಬರ್ಥದ ಇಂಗ್ಲಿಷ್ ಪದಗಳನ್ನು ಕುಗ್ಗಿಸಿ 'ಕಾಕ್ಸಿನ್' ಎಂದು ಹೆಸರಿಟ್ಟರು. ಫೆಲಿನೀನ್‌ಗೆ ತಾನಾಗಿ ಹೆಚ್ಚು ವಾಸನೆಯಿಲ್ಲ. ನಿಧಾನವಾಗಿ ಒಡೆಯುತ್ತ ಗಂಧಕವುಳ್ಳ ಸಂಯುಕ್ತಗಳಾದಾಗ ಮೂಗು ಹಿಡಿಯುವ ಘಾಟು ಏಳುತ್ತದೆ. ಬೆಳಿಗ್ಗೆ ಒರೆಸಿದ ಜಾಗ ಸಂಜೆ ಇನ್ನಷ್ಟು ನಾರುವುದು ಇದರಿಂದಲೇ. ಬೀಜವಿರುವ ಗಂಡು ಬೆಕ್ಕಿನ ಮೂತ್ರದಲ್ಲಿ ಫೆಲಿನೀನ್ ಬೇರೆಲ್ಲ ಬೆಕ್ಕುಗಳಿಗಿಂತ ಹೆಚ್ಚು. ಸಂತಾನಹರಣ ಶಸ್ತ್ರಚಿಕಿತ್ಸೆಯಾದರೆ ಅದೂ ಇಳಿಯುತ್ತದೆ, ಚಿಮ್ಮಿಸುವ ಚಾಳಿಯೂ ಬಹುತೇಕ ನಿಲ್ಲುತ್ತದೆ. ಕ್ಯಾಲಿಫೋರ್ನಿಯಾದ ಬೆಂಜಮಿನ್ ಹಾರ್ಟ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಚಿಕ್ಕಂದಿನಲ್ಲೇ ಶಸ್ತ್ರಚಿಕಿತ್ಸೆಯಾದ ಗಂಡುಗಳಲ್ಲಿ ಸುಮಾರು 10%, ಹೆಣ್ಣುಗಳಲ್ಲಿ ಸುಮಾರು 5% ಮಾತ್ರ ದೊಡ್ಡದಾದ ಮೇಲೂ ಚಿಮ್ಮಿಸುತ್ತವೆ. ಐದು ತಿಂಗಳೊಳಗೆ ಮಾಡಿಸುವುದು ಒಳ್ಳೆಯದು. ಆಮೇಲೂ ಚಿಮ್ಮಿಸಿದರೆ ಕಿಟಕಿಯತ್ತ ನೋಡಿ. ಗ್ರಿಲ್ಲಿನಾಚೆ ಕಾಂಪೌಂಡಿನ ಮೇಲೆ ಬೇರೊಂದು ಬೆಕ್ಕು ದಿನಾ ಬಂದು ಕೂರುತ್ತಿರಬಹುದು. ಗಾಜಿನ ಕೆಳಭಾಗಕ್ಕೆ ಕಾಗದ ಅಂಟಿಸಿ ಆ ನೋಟವನ್ನು ತಪ್ಪಿಸಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಕೂತು ಹೊಯ್ಯುವ ಬೆಕ್ಕಿನ ವಿಷಯಕ್ಕೆ ಹೆಚ್ಚು ಗಮನ ಬೇಕು, ಏಕೆಂದರೆ ಇಲ್ಲಿ ರೋಗ ಅಡಗಿರುತ್ತದೆ. ಉಚ್ಚೆಯ ಕೊಳ ದೊಡ್ಡದಾಗಿದ್ದು, ಬೆಕ್ಕು ನೀರೂ ಹೆಚ್ಚು ಕುಡಿಯುತ್ತಿದ್ದರೆ ಮೂತ್ರಪಿಂಡದ ಕಾಯಿಲೆ ಅಥವಾ ಸಕ್ಕರೆ ಕಾಯಿಲೆಯ ಶಂಕೆ. ಹನಿ ಹನಿಯಾಗಿ ಮತ್ತೆ ಮತ್ತೆ ಕೂತು, ಕೂತಲ್ಲೇ ಕೂಗಿ, ನೆತ್ತರಿನ ಬಣ್ಣ ಕಂಡರೆ ಮೂತ್ರಕೋಶದ ಉರಿ. ಗಂಡು ಬೆಕ್ಕು ತಿಣುಕುತ್ತಿದ್ದರೂ ಒಂದು ಹನಿಯೂ ಬಾರದಿದ್ದರೆ ಅದು ತುರ್ತು ಪರಿಸ್ಥಿತಿ. ಗಂಡಿನ ಮೂತ್ರನಾಳ ತುದಿಯಲ್ಲಿ ಬಹಳ ಕಿರಿದು. ಹರಳೋ ಲೋಳೆಯೋ ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಶಿಯಂ ಏರಿ, ಎರಡು ಮೂರು ದಿನಗಳಲ್ಲಿ ಹೃದಯವೇ ನಿಂತುಹೋಗಬಹುದು. ಮನೆಯವರು ಇದನ್ನು ಮಲಬದ್ಧತೆ ಎಂದುಕೊಂಡು ಎಣ್ಣೆ ಕುಡಿಸುತ್ತ ಕೂರುವುದುಂಟು. ಬೆಳಗಾಗಲಿ ಎಂದು ಕಾಯದೆ ಪಶುವೈದ್ಯರ ಬಳಿಗೆ ಓಡಬೇಕು.

ಮೂತ್ರಕೋಶ ಉರಿಯುವ ಎಳೆಯ ಮತ್ತು ನಡುವಯಸ್ಸಿನ ಬೆಕ್ಕುಗಳನ್ನು ಪರೀಕ್ಷಿಸಿದರೆ ಅರ್ಧಕ್ಕೂ ಹೆಚ್ಚಿನವುಗಳಲ್ಲಿ ಕಲ್ಲು ಸಿಗುವುದಿಲ್ಲ, ಸೋಂಕೂ ಸಿಗುವುದಿಲ್ಲ. ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಟೋನಿ ಬಫಿಂಗ್ಟನ್ ಈ ಒಗಟಿನ ಹಿಂದೆ ದಶಕಗಳ ಕಾಲ ಬಿದ್ದರು. ಅವರು ಕಂಡುಕೊಂಡದ್ದು ಇದು: ಇಂಥ ಬೆಕ್ಕುಗಳ ನರಮಂಡಲ ಸದಾ ಎಚ್ಚರದ ಸ್ಥಿತಿಯಲ್ಲಿರುತ್ತದೆ. ಭಯದ ಹೊತ್ತಿನಲ್ಲಿ ಸ್ರವಿಸುವ ನಾರ್‌ಅಡ್ರಿನಲಿನ್ ಹೆಚ್ಚಾಗಿರುತ್ತದೆ, ಅದನ್ನು ಸಮತೂಕಕ್ಕೆ ತರಬೇಕಾದ ಕಾರ್ಟಿಸಾಲ್ ಸಾಲದಾಗುತ್ತದೆ. ಮೂತ್ರಕೋಶದ ಒಳಪದರ ಸೋರಿಕೆಗೊಂಡು, ಗಾಢವಾದ ಮೂತ್ರ ಕೆಳಗಿನ ನರಗಳನ್ನು ಸುಡುತ್ತದೆ. ಬಫಿಂಗ್ಟನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 20 ರೋಗಿ ಬೆಕ್ಕುಗಳನ್ನೂ 12 ಆರೋಗ್ಯವಂತ ಬೆಕ್ಕುಗಳನ್ನೂ 77 ವಾರ ಗಮನಿಸಿದ್ದರು. ದಿನಚರಿ ಏರುಪೇರಾದ ವಾರಗಳಲ್ಲಿ, ಅಂದರೆ ಆರೈಕೆ ಮಾಡುವವರು ಬದಲಾದಾಗ, ಊಟದ ಹೊತ್ತು ತಪ್ಪಿದಾಗ, ಆರೋಗ್ಯವಂತ ಬೆಕ್ಕುಗಳೂ ಊಟ ಬಿಟ್ಟವು, ಹೇಲುಚ್ಚೆಗೆಂದು ಇಟ್ಟ ಟ್ರೇ ಬಿಟ್ಟು ಹೊರಗೆ ಗಲೀಜು ಮಾಡಿದವು. ದತ್ತು ಬಂದ ಬೆಕ್ಕಿಗಾದರೋ ಮನೆ, ಜನ, ವಾಸನೆ, ಊಟ ಎಲ್ಲವೂ ಒಂದೇ ದಿನ ಬದಲಾಗಿರುತ್ತವೆ. ಮಂಚದಡಿಯಿಂದ ಹೊರಗೆ ಬರಲು ಹೆದರುವ ಜೀವ ಹಾಲ್ ದಾಟಿ ಬಾಲ್ಕನಿಯ ಟ್ರೇವರೆಗೆ ಹೇಗೆ ಹೋದೀತು?

ಈ ಸ್ಥಿತಿಯಲ್ಲಿ ಗದರುವುದು, ಹೊಡೆಯುವುದು, ಮೂತಿಯನ್ನು ಒದ್ದೆಗೆ ಒತ್ತುವುದು ಕ್ರೌರ್ಯ. ಅದರಿಂದ ಫಲವೂ ಇಲ್ಲ. ಆಗಿಹೋದ ಕೆಲಸಕ್ಕೂ ಈಗಿನ ಪೆಟ್ಟಿಗೂ ಬೆಕ್ಕು ನಂಟು ಕಟ್ಟಲಾರದು. ಅದು ಕಲಿಯುವುದು ಒಂದನ್ನೇ, ಈ ಮನುಷ್ಯ ಅಪಾಯಕಾರಿ ಎಂದು. ಭಯ ಹೆಚ್ಚುತ್ತದೆ, ಮೂತ್ರಕೋಶ ಇನ್ನೂ ಉರಿಯುತ್ತದೆ.

ಬದಲಿಗೆ ಬೇಕಾದದ್ದು ಒಂದು ಸಣ್ಣ ಕೋಣೆ ಮತ್ತು ಒಂದು ರಟ್ಟಿನ ಪೆಟ್ಟಿಗೆ. ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು 2014ರಲ್ಲಿ ಆಶ್ರಯಧಾಮಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳನ್ನು ಅಧ್ಯಯನ ಮಾಡಿದರು. ಅಡಗಿಕೊಳ್ಳಲು ಪೆಟ್ಟಿಗೆ ಸಿಕ್ಕವುಗಳ ಒತ್ತಡ, ಸಿಗದವುಗಳಿಗಿಂತ ಮೊದಲ ದಿನಗಳಲ್ಲೇ ಬೇಗ ಇಳಿಯಿತು. ಮನೆಯಲ್ಲಿ ಜನ ಓಡಾಡದ ಒಂದು ಕೋಣೆಯನ್ನು ಬಿಟ್ಟುಕೊಡಿ. ಒಂದು ಮೂಲೆಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಊಟ ಮತ್ತು ನೀರು, ಆದಷ್ಟು ದೂರದ ಮೂಲೆಯಲ್ಲಿ ಟ್ರೇ. ಉಣ್ಣುವಲ್ಲಿ ಬೆಕ್ಕು ಹೊಯ್ಯುವುದಿಲ್ಲ. ಸಲುಗೆ ಬೆಳೆದು, ಟ್ರೇಯನ್ನು ತಪ್ಪದೆ ಬಳಸುತ್ತಿದೆ ಎಂಬುದು ಖಚಿತವಾದ ಮೇಲೆ ಮುಂದಿನ ಕೋಣೆಯ ಬಾಗಿಲು ತೆರೆಯಬಹುದು.

ಟ್ರೇ ಬಗ್ಗೆ ಒಂದಿಷ್ಟು. ಅಮೆರಿಕದವರೂ ಹಿಂದೆ ಬೆಕ್ಕಿಗೆ ಬೂದಿ, ಮರಳುಗಳನ್ನೇ ಇಡುತ್ತಿದ್ದರು. 1947ರಲ್ಲಿ ಮಿಷಿಗನ್ನಿನ ಎಡ್ವರ್ಡ್ ಲೋವ್ ಎಂಬಾತ ಕಾರ್ಖಾನೆಗಳಲ್ಲಿ ಚೆಲ್ಲಿದ ಎಣ್ಣೆಯನ್ನು ಹೀರಲು ಬಳಸುತ್ತಿದ್ದ ಜೇಡಿಯನ್ನು ನೆರೆಮನೆಯಾಕೆಯ ಬೆಕ್ಕಿಗೆ ಕೊಟ್ಟು ನೋಡಿದ. ಟ್ರೇಗೆ ತುಂಬುವ 'ಲಿಟರ್'ನ ಉದ್ಯಮ ಹುಟ್ಟಿತು. ಇಂದು ಹೆಚ್ಚು ಬಳಕೆಯಲ್ಲಿರುವುದು ಒದ್ದೆಯಾದೊಡನೆ ಗಟ್ಟಿ ಉಂಡೆಯಾಗುವ ಬೆಂಟೊನೈಟ್ ಜೇಡಿ. ನಮ್ಮಲ್ಲಿ ಅದರ ದೊಡ್ಡ ಗಣಿಗಳು ಗುಜರಾತಿನ ಕಛ್ ಮತ್ತು ರಾಜಸ್ಥಾನದಲ್ಲಿವೆ. ಆಯ್ಕೆ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಬೆಕ್ಕುಗಳು ಹೆಚ್ಚಾಗಿ ಒಲಿದದ್ದು ಮರಳಿನಷ್ಟು ನುಣುಪಾದ, ಸುವಾಸನೆ ಬೆರೆಸದ ಲಿಟರಿಗೆ. ಲ್ಯಾವೆಂಡರ್ ಪರಿಮಳ ನಮ್ಮ ಮೂಗಿಗೆ ಬೇಕು, ಬೆಕ್ಕಿಗೆ ಬೇಡ.

ಅಂಗಡಿಯಲ್ಲಿ ಸಿಗುವ ಬಹುಪಾಲು ಟ್ರೇಗಳು ಚಿಕ್ಕವು ಎಂಬುದು ನನ್ನ ದೂರು. ಬೆಕ್ಕಿನ ಮೂಗಿನಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆ ಪಟ್ಟು ಇರಬೇಕು ಎನ್ನುತ್ತವೆ ಬೆಕ್ಕುಗಳ ವೈದ್ಯರ ಎರಡು ಅಂತರರಾಷ್ಟ್ರೀಯ ಸಂಘಟನೆಗಳು 2014ರಲ್ಲಿ ಹೊರತಂದ ಮಾರ್ಗಸೂಚಿಗಳು. ಅಷ್ಟಕ್ಕೆ ಬಟ್ಟೆ ನೆನೆಸುವ ಅಗಲ ಟಬ್ಬೇ ವಾಸಿ, ಒಂದು ಬದಿಯನ್ನು ಕತ್ತರಿಸಿ ತಗ್ಗಿಸಿದರಾಯಿತು. ಮುದಿ ಬೆಕ್ಕಿಗಂತೂ ಈ ತಗ್ಗು ಬೇಕೇ ಬೇಕು. ಹನ್ನೆರಡು ವರ್ಷ ದಾಟಿದ ನೂರು ಬೆಕ್ಕುಗಳ ಎಕ್ಸ್‌ರೇ ತೆಗೆದಾಗ ತೊಂಬತ್ತರಲ್ಲಿ ಕೀಲು ಸವೆತ ಕಂಡಿತ್ತು. ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚು ಟ್ರೇ ಇರಲಿ, ಒಂದೇ ಕಡೆ ಸಾಲಾಗಿ ಇಡಬೇಡಿ. ಗಡಗಡಿಸುವ ವಾಷಿಂಗ್ ಮಷೀನಿನ ಪಕ್ಕವಂತೂ ಬೇಡ. ಬೀದಿಯಿಂದ ಬಂದ ಬೆಕ್ಕು ಲಿಟರನ್ನು ಮೂಸಿ ತಿರುಗಿ ಹೋದರೆ ಮೊದಲು ಅದಕ್ಕೆ ಗೊತ್ತಿರುವ ಮರಳು, ತೋಟದ ಮಣ್ಣುಗಳನ್ನೇ ತುಂಬಿಡಿ. ಆಮೇಲೆ ದಿನಕ್ಕೊಂದು ಹಿಡಿ ಲಿಟರ್ ಬೆರೆಸುತ್ತ ಹೋಗಿ. ದಿನಾ ಹೇಲುಚ್ಚೆ ಎತ್ತಿ ಹಾಕುವುದರಿಂದ ಮನುಷ್ಯರಿಗೂ ಲಾಭವಿದೆ. ಬೆಕ್ಕಿನ ಹೇಲಿನಲ್ಲಿರಬಹುದಾದ ಟಾಕ್ಸೊಪ್ಲಾಸ್ಮಾ ಪರಾವಲಂಬಿಗೆ ಸೋಂಕು ಹರಡುವ ಶಕ್ತಿ ಬರಲು ಒಂದರಿಂದ ಐದು ದಿನ ಬೇಕು. ಆದರೂ ಗರ್ಭಿಣಿಯರು ಈ ಕೆಲಸವನ್ನು ಬೇರೆಯವರಿಗೆ ಬಿಡಲಿ.

ಇನ್ನು ಸ್ವಚ್ಛತೆ. ಕರ್ನಾಟಕದ ಮನೆಗಳಲ್ಲಿ ಇದರ ಬಗ್ಗೆ ಜೋರಾಗಿಯೇ ಹೇಳಬೇಕಾಗಿದೆ. ಉಚ್ಚೆ ವಾಸನೆ ಬಂದೊಡನೆ ನಮ್ಮ ಕೈ ಹೋಗುವುದು ಫಿನಾಯಿಲ್ ಬಾಟಲಿಗೆ. ಫಿನಾಲ್ ಜಾತಿಯ ರಾಸಾಯನಿಕಗಳನ್ನು ಗ್ಲುಕುರೋನಿಕ್ ಆಮ್ಲಕ್ಕೆ ಜೋಡಿಸಿ ಹೊರಹಾಕುವ ಕಿಣ್ವವೊಂದು ನಮ್ಮ ಯಕೃತ್ತಿನಲ್ಲಿದೆ. ಅದರ ಜೀನ್ ಬೆಕ್ಕಿನ ವಂಶದಲ್ಲಿ ಮುರಿದು ನಿಷ್ಕ್ರಿಯವಾಗಿದೆ ಎಂಬುದು 2000ದಲ್ಲಿ ತಿಳಿದುಬಂತು. ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು ಎಂಬುದಕ್ಕೂ ಇದೇ ಕಾರಣ. ಫಿನಾಯಿಲ್ ಒರೆಸಿದ ನೆಲದ ಮೇಲೆ ನಡೆದು, ಆಮೇಲೆ ಪಾದ ನೆಕ್ಕಿಕೊಳ್ಳುವ ಬೆಕ್ಕಿನ ಹೊಟ್ಟೆಗೆ ವಿಷ ಸೇರುತ್ತದೆ. ನೀರಿಗೆ ಹಾಕಿದೊಡನೆ ಹಾಲಿನಂತೆ ಬೆಳ್ಳಗಾಗುವ ಕಂದು ನಂಜುನಿರೋಧಕಗಳೂ ಇದೇ ಗುಂಪಿನವು. ಬ್ಲೀಚಿಂಗ್ ಪೌಡರ್ ಹಾಕಿದರೆ ಮೂತ್ರದ ಅಮೋನಿಯಾದೊಡನೆ ಸೇರಿ ಉಸಿರು ಕಟ್ಟಿಸುವ ಕ್ಲೋರಮೈನ್ ಅನಿಲ ಏಳುತ್ತದೆ. ಅಮೋನಿಯಾ ಇರುವ ಕ್ಲೀನರ್ ಬಳಸಿದರೆ ಬೆಕ್ಕಿನ ಮೂಗಿಗೆ ಅದೂ ಉಚ್ಚೆಯಂತೆಯೇ ತೋರಿ, ಮತ್ತೆ ಅಲ್ಲಿಗೇ ಬರುವಂತಾಗಬಹುದು.

ಒದ್ದೆಯನ್ನು ಉಜ್ಜದೆ ಹಳೆಯ ಬಟ್ಟೆಯಿಂದ ಒತ್ತಿ ಹೀರಿಸಿ. ಕಿಣ್ವಗಳಿರುವ ಬಟ್ಟೆಸೋಪಿನ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ, ಒದ್ದೆ ಎಷ್ಟು ಆಳಕ್ಕೆ ಇಳಿದಿದೆಯೋ ಅಷ್ಟು ಆಳಕ್ಕೂ ತಾಗುವಂತೆ ನೆನೆಸಿ, ಕಿಣ್ವ ಕೆಲಸ ಮಾಡಲು ಹೊತ್ತು ಕೊಟ್ಟು, ಬರಿ ನೀರಿನಲ್ಲಿ ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಿ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಇದಕ್ಕೆಂದೇ ಕಿಣ್ವದ ದ್ರಾವಣಗಳೂ ಸಿಗುತ್ತವೆ. ವಾಸನೆಯಿದ್ದೂ ಜಾಗ ಕಾಣದಿದ್ದರೆ ಕತ್ತಲಲ್ಲಿ ಅತಿನೇರಳೆ ಟಾರ್ಚ್ ಬಿಟ್ಟು ನೋಡಿ, ಒಣಗಿದ ಮೂತ್ರ ಮಂಕಾಗಿ ಹೊಳೆಯುತ್ತದೆ.

ಇಷ್ಟಾದ ಮೇಲೂ ಬೆಕ್ಕು ಮೆತ್ತನೆಯ ಬಟ್ಟೆಯನ್ನೇ ಅರಸುತ್ತಿದ್ದರೆ ಅದಕ್ಕೊಂದು ಹಿನ್ನೆಲೆ ಇರಬಹುದು. ಮೂತ್ರ ಉರಿಯುತ್ತಿದ್ದ ದಿನಗಳಲ್ಲಿ ಟ್ರೇಯಲ್ಲಿ ಕೂತಾಗಲೆಲ್ಲ ನೋವಾಗಿದ್ದರಿಂದ ಆ ನೋವನ್ನು ಅದು ಟ್ರೇಗೇ ಗಂಟು ಹಾಕಿರುತ್ತದೆ. ಕಾಯಿಲೆ ವಾಸಿಯಾದರೂ ಆ ನೆನಪು ವಾಸಿಯಾಗಿರುವುದಿಲ್ಲ. ಆಗ ಬೇರೆ ಆಕಾರದ ಹೊಸ ಟಬ್ಬನ್ನು, ಬೇರೆ ಲಿಟರ್ ತುಂಬಿ, ಬೇರೆ ಮೂಲೆಯಲ್ಲಿ ಇಟ್ಟು ನೋಡಬೇಕು. ಹಳೆಯದನ್ನು ಸದ್ಯಕ್ಕೆ ಹಾಗೇ ಬಿಟ್ಟಿರಿ. ಎರಡರಲ್ಲಿ ಯಾವುದು ಒದ್ದೆಯಾಗುತ್ತದೆ ಎಂದು ದಿನಾ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಒದ್ದೆಯಾದ ಹೊತ್ತು, ಜಾಗ, ಪ್ರಮಾಣ, ಆ ದಿನ ಮನೆಗೆ ನೆಂಟರು ಬಂದಿದ್ದರೇ ಪಟಾಕಿ ಸಿಡಿಯಿತೇ ಎಂಬುದೂ ಅದರಲ್ಲಿರಲಿ. ತಿಣುಕುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೇ ಹೋಗಿ, ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಗೇ ಹೋಗಿ, ಪರೀಕ್ಷೆಯ ಮೇಜಿನ ಮೇಲೆ ಬೆಕ್ಕು ಮುದುಡಿ ಕೂರುತ್ತದೆ, ಏನನ್ನೂ ತೋರಿಸುವುದಿಲ್ಲ. ವೈದ್ಯರಿಗೆ ದಾರಿ ತೋರಿಸುವುದು ಆ ಪುಸ್ತಕ ಮತ್ತು ಆ ವಿಡಿಯೊ.