ಅಪ್ಪ ಫ್ಲೂ ಲಸಿಕೆ ಬೇಡ ಅನ್ನುವುದೇಕೆ?

ಪ್ರಶ್ನೆ: ಕೊರೊನಾ ಲಸಿಕೆಗೆ ಎಲ್ಲರಿಗಿಂತ ಮೊದಲು ಹೊರಟು ನಿಂತ ನಮ್ಮಪ್ಪ, ಫ್ಲೂ ಲಸಿಕೆ ಎಂದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ. ಯಾಕೆ?

ಉತ್ತರ: 2021ರ ಮಾರ್ಚ್ 1ರಂದು 60 ದಾಟಿದವರಿಗೆ ಕೊರೊನಾ ಲಸಿಕೆ ಶುರುವಾದಾಗ ಸಾವು ಕಣ್ಣೆದುರಿಗಿತ್ತು. ಸರ್ಕಾರಿ ಆಸ್ಪತ್ರೆಗಳಲ್ಲಿ ಲಸಿಕೆ ಉಚಿತವಾಗಿತ್ತು. ಫ್ಲೂ ಹಾಗಲ್ಲ, ‘ಬರೀ ನೆಗಡಿ-ಜ್ವರ, ಕಷಾಯ ಕುಡಿದರೆ ಹೋಗುತ್ತೆ’ ಎಂಬ ನಂಬಿಕೆ ಗಟ್ಟಿಯಾಗಿದೆ. ಆದರೆ ವಯಸ್ಸಾದವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ, ಹೃದ್ರೋಗ ಇದ್ದವರಲ್ಲಿ, ಅದು ನ್ಯುಮೋನಿಯಾಕ್ಕೆ ತಿರುಗಬಹುದು. ವೈರಸ್ಸು ರೂಪ ಬದಲಿಸುತ್ತಲೇ ಇರುವುದರಿಂದ ಪ್ರತಿವರ್ಷ ಲಸಿಕೆ ಚುಚ್ಚಿಸಿಕೊಳ್ಳಬೇಕು. ಹೆಚ್ಚಿನವರು ಕೈಯಿಂದಲೇ ದುಡ್ಡು ಕೊಡಬೇಕು. ‘ನನಗೇನಾಗುತ್ತೆ’ ಅನ್ನುವವರ ಮನಸ್ಸು ತಿರುಗಿಸುವುದರಲ್ಲಿ, ನನ್ನ ಪ್ರಕಾರ, ಪರಿಚಯದ ಡಾಕ್ಟರ ಮಾತಿಗಿರುವ ತೂಕ ಮಕ್ಕಳ ಒತ್ತಾಯಕ್ಕಿಲ್ಲ. ಮುಂದಿನ ಸಲ ಅಪ್ಪ ಬಿಪಿ ತೋರಿಸಲು ಹೋದಾಗ ನೀವೂ ಜೊತೆಗೆ ಹೋಗಿ, ಅಪ್ಪನೆದುರೇ ಡಾಕ್ಟರನ್ನು ಕೇಳಿ.